ಇಳಿವಯಸ್ಸಿನ ಹಣ: ಕೈಯಲ್ಲಿಡುವುದೋ, ಹೂಡುವುದೋ?

(ಸದಸ್ಯ ಶಿಕ್ಷಣ ಪಾಠ)



ಸರಕಾರಿ ನೌಕರನಿಗೆ ತಾನು ನಿವೃತ್ತನಾಗುವ ದಿನ ಮೊದಲೇ ಗೊತ್ತಿರುತ್ತದೆ. ತೋಟದವನಿಗೆ ಅಂಥ ದಿನವಿಲ್ಲ. ಮೊಣಕಾಲು ಇನ್ನು ಸಾಕು ಎಂದ ದಿನವೇ ಅವನ ನಿವೃತ್ತಿ. ತಿಂಗಳು ತಿಂಗಳು ಮನೆಗೆ ಬರುವ ಪಿಂಚಣಿಯೂ ಅವನಿಗಿಲ್ಲ. ಒಳ್ಳೆಯ ಧಾರಣೆ ಸಿಕ್ಕಿದ ಒಂದೆರಡು ವರ್ಷಗಳಲ್ಲಿ ಉಳಿದದ್ದೇ ಅವನ ಮುಪ್ಪಿನ ಆಧಾರ. ಆ ಹಣವನ್ನು ಕೈಯಲ್ಲಿಟ್ಟುಕೊಳ್ಳಬೇಕೆ, ಎಲ್ಲಾದರೂ ಹೂಡಬೇಕೆ ಎಂಬುದು ಈ ಸಲದ ಪಾಠದ ವಿಷಯ.

ಇದನ್ನು ಬರೆಯಲು ಕಾರಣವಾದುದು ಗದಗ ಜಿಲ್ಲೆಯ ಸೂಡಿಯಲ್ಲಿ ನಡೆದ ಒಂದು ಮಾತುಕತೆ. ನಮ್ಮ ಕೆಲವು ಸದಸ್ಯರು ಅಧ್ಯಯನ ಪ್ರವಾಸಕ್ಕೆಂದು ಆ ಕಡೆ ಹೋಗಿದ್ದೆವು. ಮೊದಲು ಕಣಗಿನಹಾಳ. 1904ರ ಸಹಕಾರ ಕಾನೂನು ಬಂದ ಮರುವರ್ಷ, 1905ರ ಮೇ 8ರಂದು, ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಕೃಷಿ ಪತ್ತಿನ ಸಹಕಾರ ಸಂಘ ನೋಂದಣಿಯಾದ ಊರು ಅದು. ಅಲ್ಲಿಂದ ಲಕ್ಕುಂಡಿ ನೋಡಿಕೊಂಡು ಗಜೇಂದ್ರಗಡದ ಸಮೀಪದ ಸೂಡಿಗೆ ಬಂದೆವು.

ಸೂಡಿ ಈಗ ಜೋಳ, ಕಡಲೆ ಬೆಳೆಯುವ ಒಣಬೇಸಾಯದ ಸೀಮೆಯ ಊರು. ಸಾವಿರ ವರ್ಷದ ಹಿಂದೆ ಕಿಸುಕಾಡು ಎಪ್ಪತ್ತರ ಮುಖ್ಯ ಪಟ್ಟಣವಾಗಿತ್ತು. ಚಾಲುಕ್ಯ ರಾಜಮನೆತನದ ಅಕ್ಕಾದೇವಿ ಈ ನಾಡನ್ನು ಆಳಿದಳು. ಲೊಕ್ಕಿಗುಂಡಿ ಎನಿಸಿದ್ದ ಲಕ್ಕುಂಡಿಯಲ್ಲಿಯೂ ಈ ಸೂಡಿಯಲ್ಲಿಯೂ ಕಲ್ಯಾಣದ ಚಾಲುಕ್ಯರ ಟಂಕಶಾಲೆಗಳಿದ್ದವು. ಹೊನ್ನು ನಾಣ್ಯವಾಗುತ್ತಿದ್ದ ಊರಿನಲ್ಲಿ ನಿಂತು ಹಣದ ಮಾತು ಬಾರದೆ ಇದ್ದೀತೆ?

ಜೋಡು ಕಳಸದ ಗುಡಿ ನೋಡಿ, ನಾಗಕುಂಡದ ಮೆಟ್ಟಿಲ ಮೇಲೆ ಕುಳಿತಿದ್ದಾಗ, ನಮ್ಮ ಜೊತೆಗಿದ್ದ 67 ವಯಸ್ಸಿನ ಸದಸ್ಯರೊಬ್ಬರು ತಮ್ಮ ಕಥೆ ಹೇಳಿದರು. ಅವರ ಒಪ್ಪಿಗೆ ಪಡೆದು, ಹೆಸರು ಬಿಟ್ಟು, ಇಲ್ಲಿ ಬರೆಯುತ್ತಿದ್ದೇನೆ.

ಎರಡು ತಪ್ಪು, ಒಂದೇ ಮನೆ

2014ರಲ್ಲಿ ಅಡಿಕೆಗೆ ಒಳ್ಳೆಯ ಧಾರಣೆ ಬಂದದ್ದು ತಮಗೆಲ್ಲ ನೆನಪಿದೆ. ಅವರ ಕೈಯಲ್ಲಿ ಆಗ ಸುಮಾರು ಆರು ಲಕ್ಷ ರೂಪಾಯಿ ಉಳಿಯಿತು. ಪಕ್ಕದ ಜಮೀನಿನ ಬೆಲೆ ಸ್ವಲ್ಪ ಇಳಿಯಲಿ, ಆಗ ಕೊಳ್ಳೋಣ ಎಂದು ಅದನ್ನು ಮನೆಯ ಬೀರುವಿನಲ್ಲಿಟ್ಟರು. ಜಮೀನಿನ ಬೆಲೆ ಇಳಿಯಲಿಲ್ಲ. 2016ರ ನವೆಂಬರ್ 8ರ ರಾತ್ರಿ 500 ಮತ್ತು 1,000 ರೂಪಾಯಿ ನೋಟುಗಳು ರದ್ದಾದವು. ಬ್ಯಾಂಕಿನ ಮುಂದೆ ಸಾಲು ನಿಂತು ಹಣ ಕಟ್ಟಿದರು. ಹಣ ಹೋಗಲಿಲ್ಲ, ನಿಜ. ಆದರೆ ಎರಡು ವರ್ಷ ಅದು ಒಂದು ರೂಪಾಯಿಯನ್ನೂ ದುಡಿಯಲಿಲ್ಲ.

ಆ ಬೇಸರದಲ್ಲಿ ಮುಂದಿನ ಹೆಜ್ಜೆ ಇಟ್ಟರು. ಯಾರೋ ಹೇಳಿದರೆಂದು ಅಷ್ಟೂ ಹಣವನ್ನು ಶೇಕಡಾ 14 ಬಡ್ಡಿ ಕೊಡುವ ಒಂದು ಕಡೆ ಠೇವಣಿ ಇಟ್ಟರು. ಮೊದಲ ವರ್ಷ ಬಡ್ಡಿ ಬಂತು. ಅನಂತರ ಅದರ ಬಾಗಿಲು ಮುಚ್ಚಿತು. ಅದೇ ವರ್ಷ ಅವರ ಪತ್ನಿಯ ಮೊಣಕಾಲು ಶಸ್ತ್ರಚಿಕಿತ್ಸೆಗೆ ಬಂತು. ಆಸ್ಪತ್ರೆಗೆ ಕಟ್ಟಲು ಆಕೆಯ ಬಳೆಗಳನ್ನೇ ಅಡವಿಡಬೇಕಾಯಿತು.

2024 ಮತ್ತು 2025ರಲ್ಲಿ ಕಾಫಿಯ ಧಾರಣೆ ಹಿಂದೆಂದೂ ಕಾಣದಷ್ಟು ಏರಿತಷ್ಟೆ. ಅವರ ಕೈಯಲ್ಲಿ ಈಗ ಮತ್ತೆ 20 ಲಕ್ಷ ರೂಪಾಯಿ ಇದೆ. "ಇಟ್ಟುಕೊಂಡರೆ ಕರಗುತ್ತದೆ ಅಂತೀರಿ, ಹಾಕಿದರೆ ಮುಳುಗಿದ್ದನ್ನು ನಾನೇ ಕಂಡಿದ್ದೇನೆ. ಮತ್ತೇನು ಮಾಡೋದು ಮಾರಾಯರೇ?" ಎಂದು ಕೇಳಿದರು.

ಹಗೇವಿನ ಪಾಠ

ನಮಗೆ ಊರು ತೋರಿಸುತ್ತಿದ್ದ ಹಿರಿಯ ರೈತರೊಬ್ಬರು ಇದನ್ನೆಲ್ಲ ಕೇಳಿಸಿಕೊಂಡರು. ಆ ಸೀಮೆಯಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ, ಅಂದರೆ ನೆಲದೊಳಗೆ ತೋಡಿದ ಕಣಜದಲ್ಲಿ, ತುಂಬಿಡುತ್ತಿದ್ದರು. ಈಗ ಆ ಬಳಕೆ ತೀರ ಕಡಿಮೆಯಾಗಿದೆ. ಅವರು ಹೇಳಿದ್ದು ಇಷ್ಟು:

"ಉಣ್ಣೂ ಜ್ವಾಳ ಮನಿಯಾಗ ಚೀಲದಾಗ ಇರ್ತಿತ್ರಿ. ಬೀಜದ ಜ್ವಾಳ ಬ್ಯಾರೇನ ಕಟ್ಟಿ ಇಡ್ತಿದ್ರು. ಉಳದದ್ದು ಹಗೇವಿಗೆ. ಹಗೇವು ಅಂದ್ರ ದಿನಾ ತೆಗದು ನೋಡೂದಲ್ರಿ. ಒಮ್ಮೆ ಬಾಯಿ ತೆಗದ್ರ ಪೂರಾ ತೆಗೀಬೇಕು, ಇಲ್ಲಾಂದ್ರ ಕಾಳು ಕೆಡತೈತಿ. ಅದಕ್ಕ ಮನಿಯಾಗಿನ ಚೀಲ ಖಾಲಿ ಆಗಧಂಗ ನೋಡ್ಕೋಬೇಕ್ರಿ."

ಮಳೆ ನಂಬಲಾಗದ ನಾಡಿನ ಈ ಲೆಕ್ಕ, ಧಾರಣೆ ನಂಬಲಾಗದ ನಮಗೂ ಸರಿಹೊಂದುತ್ತದೆ. "ಇಡಬೇಕೋ ಹೂಡಬೇಕೋ" ಎಂದು ಇಡೀ ಗಂಟಿನ ಬಗ್ಗೆ ಒಂದೇ ಪ್ರಶ್ನೆ ಕೇಳುವುದೇ ತಪ್ಪು. ಯಾವ ರೂಪಾಯಿ ಯಾವಾಗ ಬೇಕಾಗುತ್ತದೆ ಎಂದು ಕೇಳಬೇಕು. ಹಾಗೆ ಕೇಳಿದಾಗ ಗಂಟು ತಾನಾಗಿಯೇ ಮೂರು ಪಾಲಾಗುತ್ತದೆ.

ಬರಿದೇ ಇಟ್ಟ ಹಣ ಹೇಗೆ ಕರಗುತ್ತದೆ?

ಕನ್ನಡನಾಡಿನ ಅನೇಕ ಶಾಸನಗಳಲ್ಲಿ ಒಂದು ಏರ್ಪಾಟು ಕಾಣುತ್ತದೆ. ದಾನಿಯು ಇಂತಿಷ್ಟು ಗದ್ಯಾಣವನ್ನು ಒಪ್ಪಿಸುತ್ತಾನೆ. ಮೂಲಧನವನ್ನು ಮುಟ್ಟದೆ, ಬಡ್ಡಿಯಿಂದ ದೇವರ ನಂದಾದೀಪಕ್ಕೆ ಎಣ್ಣೆ ಒದಗಿಸಬೇಕೆಂದು ಕಟ್ಟಳೆ. ಬಹಳ ಜಾಣತನದ ಏರ್ಪಾಟು. ಆದರೆ ಎಣ್ಣೆಯ ಬೆಲೆ ಎರಡು ಪಟ್ಟಾದರೆ ಅದೇ ಬಡ್ಡಿಗೆ ಅರ್ಧ ಎಣ್ಣೆ ಮಾತ್ರ ಬರುತ್ತದೆ. ಮೂಲಧನ ಒಂದು ಕಾಸೂ ಕಡಿಮೆಯಾಗದೆ ದೀಪ ಮಂಕಾಗುತ್ತದೆ.

ಇದನ್ನು ಸುಲಭವಾಗಿ ಲೆಕ್ಕ ಹಾಕಬಹುದು. 72ನ್ನು ಬೆಲೆ ಏರಿಕೆಯ ಶೇಕಡಾವಾರಿನಿಂದ ಭಾಗಿಸಿರಿ. ಬೆಲೆಗಳು ಎರಡು ಪಟ್ಟಾಗಲು ಬೇಕಾಗುವ ವರ್ಷಗಳು ಸುಮಾರಾಗಿ ಸಿಗುತ್ತವೆ. ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 12 ವರ್ಷ. ಶೇಕಡಾ 4ರಂತೆ ಏರಿದರೆ 18 ವರ್ಷ. ಅಂದರೆ ಇಂದು ಬೀರುವಿನಲ್ಲಿಟ್ಟ 10 ಲಕ್ಷ ರೂಪಾಯಿ, ಶೇಕಡಾ 6ರ ಲೆಕ್ಕದಲ್ಲಿ, 12 ವರ್ಷದ ಮೇಲೆ ಇಂದಿನ 5 ಲಕ್ಷದಷ್ಟು ಮಾತ್ರ ಸಾಮಾನು ಕೊಳ್ಳಬಲ್ಲದು. ಅರವತ್ತರಲ್ಲಿ ತೋಟ ಬಿಟ್ಟ ದಂಪತಿಗಳು ಇನ್ನೂ ಇಪ್ಪತ್ತು ವರ್ಷ, ಅದಕ್ಕೂ ಹೆಚ್ಚು, ಬಾಳುವುದು ಈಗ ಅಪರೂಪವಲ್ಲ. ಆಳಿನ ಕೂಲಿ, ಔಷಧದ ಬೆಲೆ ಈ ಇಪ್ಪತ್ತು ವರ್ಷಗಳಲ್ಲಿ ಎಲ್ಲಿಂದ ಎಲ್ಲಿಗೆ ಬಂದಿವೆ ಎಂಬುದನ್ನು ತಾವೇ ನೆನಪಿಸಿಕೊಳ್ಳಿರಿ.

ನೋಟಿಗೆ ಇನ್ನೊಂದು ಅಪಾಯವೂ ಇದೆ. 1978ರಲ್ಲಿ 1,000, 5,000, 10,000 ರೂಪಾಯಿ ನೋಟುಗಳು ರದ್ದಾದವು. 2016ರಲ್ಲಿ ಮತ್ತೊಮ್ಮೆ ನೋಟು ರದ್ದಾಯಿತು. 2023ರ ಮೇ ತಿಂಗಳಲ್ಲಿ 2,000ದ ನೋಟನ್ನು ಚಲಾವಣೆಯಿಂದ ಹಿಂತೆಗೆದುಕೊಳ್ಳಲಾಯಿತು. ಇನ್ನು ಕಳ್ಳರ ಭಯ, ಗೆದ್ದಲಿನ ಭಯ ಹೇಳಬೇಕಾಗಿಲ್ಲ.

ಮೊದಲು ಸಾಲ

ಪಾಲು ಮಾಡುವ ಮುನ್ನ ಒಂದು ಮಾತು. ಕೈಸಾಲ ಇದ್ದರೆ ಮೊದಲು ಅದನ್ನು ತೀರಿಸಬೇಕು. ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇಕಡಾ 24. ಅಷ್ಟನ್ನು ನಿಶ್ಚಯವಾಗಿ ದುಡಿದುಕೊಡುವ ಹೂಡಿಕೆ ಯಾವುದೂ ಇಲ್ಲ. ಶೇಕಡಾ 7ಕ್ಕೆ ಠೇವಣಿ ಇಟ್ಟು, ಶೇಕಡಾ 24ರ ಸಾಲ ಉಳಿಸಿಕೊಂಡವನು ತೂತಿನ ಕೊಡಕ್ಕೆ ನೀರು ಹೊರುತ್ತಾನೆ. ಅಡವಿಟ್ಟ ಒಡವೆಯನ್ನು ಬಿಡಿಸುವುದೂ ಇದರಲ್ಲಿ ಸೇರಿತು.

ಮೊದಲ ಪಾಲು: ಮನೆಯ ಚೀಲ

ಮುಂದಿನ ಎರಡು ವರ್ಷಕ್ಕೆ ತೋಟದ ಆದಾಯ ಸಾಲದೆ ಬೀಳುವ ಕೊರತೆಯ ಮೊತ್ತ, ಅದರ ಮೇಲೆ ಆಸ್ಪತ್ರೆಗೆಂದು ಒಂದಿಷ್ಟು. ಇದು ಉಳಿತಾಯ ಖಾತೆಯಲ್ಲಿ ಮತ್ತು ಆರು ತಿಂಗಳು, ಒಂದು ವರ್ಷದ ಚಿಕ್ಕ ಠೇವಣಿಗಳಲ್ಲಿ ಇರಲಿ. ಇದರಿಂದ ಲಾಭ ನಿರೀಕ್ಷಿಸಬಾರದು. ಬೇಕೆಂದಾಗ ಕೈಗೆ ಬರುವುದೇ ಇದರ ಲಾಭ. ನಮ್ಮ ಸದಸ್ಯರು 2014ರ ಆರು ಲಕ್ಷದಲ್ಲಿ ಎರಡನ್ನು ಹೀಗೆ ಬೇರೆ ಇಟ್ಟಿದ್ದರೆ ಪತ್ನಿಯ ಬಳೆ ಅಡವಿಗೆ ಹೋಗುತ್ತಿರಲಿಲ್ಲ.

ಎರಡನೆಯ ಪಾಲು: ಹಗೇವು

ಮೂರರಿಂದ ಐದಾರು ವರ್ಷ ಮುಟ್ಟದೆ ಇಡಬಹುದಾದ, ಆದರೆ ಕಳೆದುಕೊಳ್ಳಲಾಗದ ಹಣ ಇದು. ಬ್ಯಾಂಕಿನ ಅವಧಿ ಠೇವಣಿ ಮತ್ತು ಅಂಚೆ ಕಚೇರಿಯ ಯೋಜನೆಗಳು ಇದಕ್ಕೆ ತಕ್ಕವು.

60 ವರ್ಷ ತುಂಬಿದವರಿಗೆ ಹಿರಿಯ ನಾಗರಿಕರ ಉಳಿತಾಯ ಯೋಜನೆ ಇದೆ. ಅವಧಿ ಐದು ವರ್ಷ. 2023ರಲ್ಲಿ ಒಬ್ಬರ ಮಿತಿಯನ್ನು 15 ಲಕ್ಷದಿಂದ 30 ಲಕ್ಷ ರೂಪಾಯಿಗೆ ಏರಿಸಲಾಯಿತು. ಅದೇ ವರ್ಷದ ಏಪ್ರಿಲ್‌ನಿಂದ ಬಡ್ಡಿ ಶೇಕಡಾ 8.2 ಆಯಿತು. ಸರಕಾರವು ದರವನ್ನು ಮೂರು ತಿಂಗಳಿಗೊಮ್ಮೆ ಗೊತ್ತುಪಡಿಸುವುದರಿಂದ ಹಣ ಕಟ್ಟುವ ದಿನದ ದರವನ್ನು ಅಂಚೆ ಕಚೇರಿಯಲ್ಲಿ ಕೇಳಿಕೊಳ್ಳಬೇಕು. ಆ ದಿನದ ದರವೇ ಐದು ವರ್ಷವೂ ನಡೆಯುತ್ತದೆ. ಬಡ್ಡಿ ಮೂರು ತಿಂಗಳಿಗೊಮ್ಮೆ ಕೈಗೆ ಬರುತ್ತದೆ. ಹಗೇವಿನಂತೆ ಇದನ್ನೂ ಅವಧಿಗೆ ಮುಂಚೆ ಒಡೆದರೆ ನಷ್ಟವಿದೆ: ಒಂದು ವರ್ಷದೊಳಗೆ ತೆಗೆದರೆ ಬಡ್ಡಿ ದಕ್ಕುವುದಿಲ್ಲ, ಅನಂತರ ತೆಗೆದರೆ ಅಸಲಿನಲ್ಲಿ ಒಂದಿಷ್ಟು ಕಡಿತವಾಗುತ್ತದೆ. ಮೊದಲ ಪಾಲು ತುಂಬಿರಬೇಕೆನ್ನುವುದು ಇದಕ್ಕಾಗಿಯೇ.

ಕೃಷಿ ಆದಾಯಕ್ಕಿರುವ ಆದಾಯ ತೆರಿಗೆಯ ವಿನಾಯಿತಿ ಬಡ್ಡಿಯ ಆದಾಯಕ್ಕೆ ಇಲ್ಲವೆಂಬುದನ್ನೂ ಮರೆಯಬಾರದು.

ಈಗ ಠೇವಣಿ ವಿಮೆಯ ವಿಷಯ. 2020ರ ಫೆಬ್ರವರಿ 4ರಿಂದ, ಒಂದು ಬ್ಯಾಂಕ್ ಮುಚ್ಚಿಹೋದರೆ ಒಬ್ಬ ಠೇವಣಿದಾರನಿಗೆ ಅಸಲು ಬಡ್ಡಿ ಸೇರಿ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆ ಇದೆ. ಅದಕ್ಕೆ ಮೊದಲು ಇದ್ದುದು 1 ಲಕ್ಷ. ಒಂದೇ ಬ್ಯಾಂಕಿನ ಬೇರೆ ಬೇರೆ ಶಾಖೆಗಳಲ್ಲಿ ಇಟ್ಟರೂ ಒಟ್ಟಿಗೆ ಲೆಕ್ಕ. ಸಹಕಾರಿ ಬ್ಯಾಂಕುಗಳಿಗೂ ಈ ವಿಮೆ ಉಂಟು. ಆದರೆ ಪ್ರಾಥಮಿಕ ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಇದು ಅನ್ವಯಿಸುವುದಿಲ್ಲ.

ಸಹಕಾರ ಸಂಘದ ಪತ್ರಿಕೆಯಲ್ಲಿಯೇ ಇದನ್ನು ಬರೆಯುವುದೇಕೆಂದು ಕೆಲವರು ಕೇಳಬಹುದು. ಸದಸ್ಯನಿಗೆ ನಿಜ ಹೇಳದ ಸಂಘ ಬಹುಕಾಲ ಬಾಳುವುದಿಲ್ಲ. ಕಣಗಿನಹಾಳದ ಕಾಲದಿಂದಲೂ ಪತ್ತಿನ ಸಂಘಕ್ಕೆ ರಕ್ಷಣೆ ಎಂದರೆ ಸದಸ್ಯರ ಕಣ್ಗಾವಲು. ಸಂಘದಲ್ಲಿ ಠೇವಣಿ ಇಡುವವರು ವಾರ್ಷಿಕ ವರದಿ ಓದಬೇಕು, ಆಡಿಟ್ ವರ್ಗ ಯಾವುದೆಂದು ಕೇಳಬೇಕು, ಸುಸ್ತಿ ಸಾಲ ಎಷ್ಟಿದೆ ಎಂದು ಮಹಾಸಭೆಯಲ್ಲಿ ಎದ್ದು ನಿಂತು ಪ್ರಶ್ನಿಸಬೇಕು. ಬೇರೆಲ್ಲರೂ ಶೇಕಡಾ 7 ಕೊಡುವಾಗ ಒಬ್ಬನೇ 14 ಕೊಡುತ್ತೇನೆಂದರೆ, ಆ ಹೆಚ್ಚಿನ ಏಳು ಎಲ್ಲಿಂದ ಬರುತ್ತದೆ ಎಂದು ಕೇಳಿರಿ. ಉತ್ತರ ಸರಿಯಾಗಿ ಬಾರದಿದ್ದರೆ ಅಲ್ಲಿಂದ ಎದ್ದು ಬನ್ನಿರಿ.

ಮೂರನೆಯ ಪಾಲು: ಬೀಜ

ಏಳೆಂಟು ವರ್ಷ ಬೇಡವೇ ಬೇಡ ಎನ್ನುವ ಹಣವಿದ್ದರೆ ಮಾತ್ರ ಈ ಪಾಲು. ಬೆಲೆ ಏರಿಕೆಯನ್ನು ಮೀರಿ ಬೆಳೆಯಬೇಕಾದುದು ಇದೇ. ಆದುದರಿಂದ ಏರಿಳಿತವೂ ಇದರಲ್ಲೇ ಹೆಚ್ಚು.

ನಮ್ಮವರಿಗೆ ಮೊದಲು ನೆನಪಾಗುವುದು ತೋಟವೇ. ಮರುನಾಟಿ, ಕರಿಮೆಣಸಿನ ಬಳ್ಳಿ, ನೀರಿನ ಹೊಂಡ ಇವೆಲ್ಲ ಒಳ್ಳೆಯ ಹೂಡಿಕೆಗಳೇ. ಆದರೆ ನಮ್ಮ ಆದಾಯ ಆಗಲೇ ತೋಟದಿಂದ ಬರುತ್ತಿದೆ. ಎಲೆಚುಕ್ಕಿ ರೋಗವೋ ಹಳದಿ ಎಲೆ ರೋಗವೋ ಬಂದರೆ ಆದಾಯವೂ ಹೋಗುತ್ತದೆ, ಉಳಿತಾಯವೂ ಹೋಗುತ್ತದೆ. 1970ರ ದಶಕದ ಆರಂಭದಲ್ಲಿ ಅಡಿಕೆ ಬೆಲೆ ಕುಸಿದುದರಿಂದಲೇ 1973ರಲ್ಲಿ ಕ್ಯಾಂಪ್ಕೊ ಹುಟ್ಟಬೇಕಾಯಿತು. ಕಾಫಿ ಮಂಡಳಿಯ ಪೂಲ್ ಪದ್ಧತಿ 1996ರಲ್ಲಿ ಪೂರ್ತಿ ನಿಂತ ಮೇಲೆ, 2001ರ ಸುಮಾರಿಗೆ ಕಾಫಿಯ ಧಾರಣೆ ನೆಲಕಚ್ಚಿದುದನ್ನು ನಮ್ಮಲ್ಲಿ ಅನೇಕರು ಅನುಭವಿಸಿದ್ದಾರೆ. ಆದುದರಿಂದ ಬೀಜದ ಪಾಲಿನಲ್ಲಿ ಸ್ವಲ್ಪವಾದರೂ ತೋಟದ ಹೊರಗೆ ಇರುವುದು ಲೇಸು.

ಬಂಗಾರ ಕೆಲವರಿಗೆ ಇಷ್ಟ. ಅದೂ ಸದಾ ಏರುವ ವಸ್ತುವಲ್ಲ. 1980ರ ಜನವರಿಯಲ್ಲಿ ಅಂತರರಾಷ್ಟ್ರೀಯ ಪೇಟೆಯಲ್ಲಿ ಔನ್ಸಿಗೆ 850 ಡಾಲರ್ ಮುಟ್ಟಿದ ಬಂಗಾರ, ಡಾಲರ್ ಲೆಕ್ಕದಲ್ಲಿ ಆ ಮಟ್ಟವನ್ನು ಮತ್ತೆ ದಾಟಿದ್ದು 2008ರಲ್ಲಿ. ರೂಪಾಯಿಯ ಬೆಲೆ ಇಳಿಯುತ್ತ ಬಂದುದರಿಂದ ನಮಗೆ ಅಷ್ಟು ನೋವಾಗಲಿಲ್ಲ, ಅಷ್ಟೆ. ಒಡವೆ ಮಾಡಿಸಿದರೆ ಮಜೂರಿಯೂ ಹೋಗುತ್ತದೆ.

ಷೇರು ಪೇಟೆಯ ಸೂಚ್ಯಂಕವನ್ನು ಅನುಸರಿಸುವ ಮ್ಯೂಚುವಲ್ ಫಂಡುಗಳು ಇನ್ನೊಂದು ದಾರಿ. ಮುಂಬಯಿಯ ಸೆನ್ಸೆಕ್ಸ್ 2008ರ ಜನವರಿಯಲ್ಲಿ 21,000ದ ಹತ್ತಿರವಿದ್ದುದು ಅದೇ ಅಕ್ಟೋಬರಿನಲ್ಲಿ 8,000ಕ್ಕೂ ಕೆಳಗೆ ಇಳಿಯಿತು. ಮತ್ತೆ 21,000 ಕಾಣಲು 2010ರ ನವೆಂಬರ್ ಬರಬೇಕಾಯಿತು. ಕಾದವರಿಗೆ ಹಣ ಬಂತು. ನಡುವೆ ಮಗಳ ಮದುವೆಗೋ ಆಸ್ಪತ್ರೆಗೋ ತೆಗೆಯಬೇಕಾದವರಿಗೆ ಅರ್ಧವೂ ಬರಲಿಲ್ಲ. ಐದು ವರ್ಷದೊಳಗೆ ಬೇಕಾಗುವ ಹಣ ಅಲ್ಲಿಗೆ ಹೋಗಬಾರದು ಎನ್ನುವುದು ಇದಕ್ಕೇ. ವಯಸ್ಸು ಎಪ್ಪತ್ತೈದು ದಾಟಿ, ಇರುವುದೇ ಐದಾರು ಲಕ್ಷವಾದರೆ, ಈ ಮೂರನೆಯ ಪಾಲನ್ನೇ ಬಿಟ್ಟರೂ ತಪ್ಪಿಲ್ಲ.

"ಪೇಟೆ ಇಳಿಯಲಿ, ಆಮೇಲೆ ಹಾಕೋಣ"

ಕಾಯುವವರ ಮಾತು ಇದು. ಅಡಿಕೆಗೆ ಅತಿ ಹೆಚ್ಚು ಧಾರಣೆ ಬರುವ ದಿನ ಯಾವುದೆಂದು ನಮ್ಮಲ್ಲಿ ಯಾರಿಗಾದರೂ ಗೊತ್ತೆ? ಗೊತ್ತಿಲ್ಲದೆ ನಾವು ಏನು ಮಾಡುತ್ತೇವೆ? ಅನುಭವಸ್ಥ ಬೆಳೆಗಾರನು ಇಡೀ ಫಸಲನ್ನು ಒಂದೇ ದಿನ ಮಾರುವುದಿಲ್ಲ. ಇಡೀ ವರ್ಷ ಕಟ್ಟಿಡುವುದೂ ಇಲ್ಲ. ಮೂರು ನಾಲ್ಕು ಸಲವಾಗಿ ಮಂಡಿಗೆ ಹಾಕುತ್ತಾನೆ. ಹಣ ಹೂಡುವಾಗಲೂ ಅದೇ ಬುದ್ಧಿ ಸಾಕು. ಮೂರನೆಯ ಪಾಲನ್ನು ಎರಡು ಎರಡೂವರೆ ವರ್ಷಗಳಲ್ಲಿ ತಿಂಗಳು ತಿಂಗಳು ಸಮ ಕಂತುಗಳಲ್ಲಿ ಹಾಕುತ್ತಾ ಹೋಗಿರಿ. ಪೇಟೆ ಇಳಿದರೆ ಮುಂದಿನ ಕಂತಿಗೆ ಹೆಚ್ಚು ಸಿಗುತ್ತದೆ, ಏರಿದರೆ ಹಿಂದಿನ ಕಂತು ಬೆಳೆದಿರುತ್ತದೆ. ಎರಡನೆಯ ಪಾಲಿಗೆ ಇಷ್ಟು ಕಾಯುವ ಅಗತ್ಯವೂ ಇಲ್ಲ. ಠೇವಣಿಯ ಅಸಲು ಪೇಟೆಯ ಜೊತೆ ಏರಿಳಿಯುವುದಿಲ್ಲ.

ನಮ್ಮ ಸದಸ್ಯರ ಲೆಕ್ಕ

ಅಂದು ಮೆಟ್ಟಿಲ ಮೇಲೆಯೇ ಕಾಗದ ತೆಗೆದು ಲೆಕ್ಕ ಹಾಕಿದೆವು. ಮನೆ ಖರ್ಚು ತಿಂಗಳಿಗೆ ರೂ. 30,000, ವರ್ಷಕ್ಕೆ ರೂ. 3,60,000. ಖರ್ಚು ಕಳೆದು ತೋಟದಿಂದ ಸಾಧಾರಣ ವರ್ಷದಲ್ಲಿ ಉಳಿಯುವುದು ರೂ. 1,80,000. ಕೊರತೆ ರೂ. 1,80,000. ಸಾಲ ಇಲ್ಲ.

ಮೊದಲ ಪಾಲು: ಎರಡು ವರ್ಷದ ಕೊರತೆ ರೂ. 3,60,000, ಆಸ್ಪತ್ರೆಗೆ ರೂ. 1,40,000, ಒಟ್ಟು 5 ಲಕ್ಷ.

ಎರಡನೆಯ ಪಾಲು: 10 ಲಕ್ಷ, ಹಿರಿಯ ನಾಗರಿಕರ ಯೋಜನೆಯಲ್ಲಿ. ಶೇಕಡಾ 8.2ರಂತೆ ವರ್ಷಕ್ಕೆ ರೂ. 82,000, ಮೂರು ತಿಂಗಳಿಗೊಮ್ಮೆ ರೂ. 20,500.

ಮೂರನೆಯ ಪಾಲು: 5 ಲಕ್ಷ. ಎರಡು ಲಕ್ಷ ತೋಟದ ಹೊಂಡ ಮತ್ತು ಮೆಣಸಿನ ಬಳ್ಳಿಗೆ; ಮೂರು ಲಕ್ಷ ತಿಂಗಳಿಗೆ ರೂ. 10,000ದಂತೆ 30 ತಿಂಗಳು ಸೂಚ್ಯಂಕದ ಫಂಡಿಗೆ.

ಕೊರತೆಯಲ್ಲಿ ರೂ. 82,000 ಬಡ್ಡಿಯಿಂದ ತುಂಬಿದರೆ, ಮೊದಲ ಚೀಲದಿಂದ ವರ್ಷಕ್ಕೆ ತೆಗೆಯಬೇಕಾದುದು ರೂ. 98,000 ಮಾತ್ರ. ಆಸ್ಪತ್ರೆಯ ಹಣ ಮುಟ್ಟದೆಯೂ ಚೀಲ ಮೂರೂವರೆ ವರ್ಷ ಬರುತ್ತದೆ. ಆ ನಡುವೆ ಒಳ್ಳೆಯ ಧಾರಣೆಯ ವರ್ಷ ಒಂದು ಬಂದರೆ ಮೊದಲು ಚೀಲವನ್ನು ತುಂಬಬೇಕು, ಆಮೇಲೆ ಉಳಿದದ್ದು. ಕೆಟ್ಟ ವರ್ಷದಲ್ಲಿ ಚೀಲದಿಂದ ತೆಗೆಯಬೇಕು, ಹಗೇವನ್ನು ಒಡೆಯಬಾರದು, ಬೀಜವನ್ನು ಮಾರಬಾರದು. ಬೆಲೆಗಳು ಏರಿದಂತೆ ಖರ್ಚೂ ಏರುವುದರಿಂದ ಈ ಲೆಕ್ಕವನ್ನು ಪ್ರತಿ ವರ್ಷ ಕೊಯ್ಲು ಮುಗಿದ ಮೇಲೆ ಹೊಸದಾಗಿ ಹಾಕಬೇಕು.

ನಾವು ಗಂಡಸರು ಲೆಕ್ಕ ಸರಿಹೋಯಿತೆಂದು ಕಾಗದ ಮಡಿಸುವಷ್ಟರಲ್ಲಿ, ಅಷ್ಟು ಹೊತ್ತು ಸುಮ್ಮನೆ ಕೇಳುತ್ತಿದ್ದ ಅವರ ಪತ್ನಿ, "ಇದೆಲ್ಲ ಯಾರ ಹೆಸರಿಗೆ?" ಎಂದರು. ನಮ್ಮಲ್ಲಿ ಒಬ್ಬರಿಗೂ ಅದು ಹೊಳೆದಿರಲಿಲ್ಲ. ಜಮೀನು ಗಂಡನ ಹೆಸರಿನಲ್ಲಿ, ಮುಂದೆ ಮಕ್ಕಳ ಹೆಸರಿಗೆ. ಠೇವಣಿಯೂ ಗಂಡನೊಬ್ಬನ ಹೆಸರಿನಲ್ಲಿದ್ದರೆ, ಅವನ ಕಾಲಾನಂತರ ಆಕೆ ತನ್ನದೇ ಹಣಕ್ಕೆ ಕಾಗದ ಹಿಡಿದು ಅಲೆಯಬೇಕು. ಬ್ಯಾಂಕಿನ ಖಾತೆ ಇಬ್ಬರಲ್ಲಿ ಯಾರಾದರೂ ಅಥವಾ ಉಳಿದವರು ತೆಗೆಯುವಂತೆ ಜಂಟಿಯಾಗಿರಲಿ. ನಾಮನಿರ್ದೇಶನ ತಪ್ಪದಿರಲಿ. ಆಕೆಗೂ 60 ತುಂಬಿದ್ದರೆ ಅಂಚೆಯ ಖಾತೆಯಲ್ಲಿ ಅರ್ಧ ಆಕೆಯ ಹೆಸರಿಗೇ ಇರಲಿ. ಆಕೆಗೆ 61. ಐದು ಐದು ಲಕ್ಷದಂತೆ ಎರಡು ಖಾತೆ ಎಂದು ಕಾಗದದಲ್ಲಿ ತಿದ್ದಿಕೊಂಡೆವು.

ಊರಿಗೆ ಮರಳಿದ ಮೇಲೆ ಅವರು ಮೊದಲು ಮಾಡಿದ್ದು ಅದನ್ನೇ. ಸೂಚ್ಯಂಕದ ಫಂಡಿನ ಮೊದಲ ಕಂತು ಕಟ್ಟಲು ಮಾತ್ರ ಇನ್ನೂ ಧೈರ್ಯ ಬಂದಿಲ್ಲ ಎನ್ನುತ್ತಾರೆ. ಅವಸರವಿಲ್ಲ. ಅಲ್ಲಿಯವರೆಗೆ ಆ ಮೂರು ಲಕ್ಷ ಒಂದು ವರ್ಷದ ಠೇವಣಿಯಲ್ಲಿ ಇದೆ, ಬೀರುವಿನಲ್ಲಂತೂ ಇಲ್ಲ.

ಚರ್ಚೆಗೆ ಪ್ರಶ್ನೆಗಳು

1. ತಮ್ಮ ಮನೆಯ ಒಂದು ವರ್ಷದ ಖರ್ಚು ಎಷ್ಟು? ಸಾಧಾರಣ ಧಾರಣೆಯ ವರ್ಷದಲ್ಲಿ ತೋಟದಿಂದ ಉಳಿಯುವುದೆಷ್ಟು? ಕೊರತೆ ಎಷ್ಟು?

2. ನಾಳೆಯೇ ಆಸ್ಪತ್ರೆಗೆ ಒಂದೂವರೆ ಲಕ್ಷ ಬೇಕೆಂದರೆ ಅದು ಎಲ್ಲಿಂದ ಬರುತ್ತದೆ?

3. ತಮ್ಮ ಉಳಿತಾಯದಲ್ಲಿ 5 ಲಕ್ಷಕ್ಕಿಂತ ಹೆಚ್ಚು ಒಂದೇ ಬ್ಯಾಂಕಿನಲ್ಲಿದೆಯೆ? ವಿಮೆಯಿಲ್ಲದ ಕಡೆ ಎಷ್ಟಿದೆ?

4. ತಮ್ಮ ಎಲ್ಲ ಠೇವಣಿಗಳ ಪಟ್ಟಿ ಮನೆಯೊಡತಿಗೆ ಗೊತ್ತೆ? ನಾಮನಿರ್ದೇಶನ ಯಾರ ಹೆಸರಿಗಿದೆ?

ಈ ನಾಲ್ಕಕ್ಕೂ ಗಂಡ ಹೆಂಡತಿ ಇಬ್ಬರೂ ಕುಳಿತು ಉತ್ತರ ಬರೆಯಬೇಕೆಂದು ವಿನಂತಿ.